ಎಸೆನ್‌ಕುಲ್‌ನ ರಕ್ತ ಪರೀಕ್ಷೆ, ಜಪಾರನ ಕುದುರೆ

ಎಲ್ಲಾ ಶುರುವಾದದ್ದು ಒಂದು ತುಂಡು ಕಾಗದದಿಂದ. ಹೋದ ತಿಂಗಳು ನಮ್ಮ ಎಸೆನ್‌ಕುಲ್ ಮುದುಕ ಆಸ್ಪತ್ರೆಗೆ ಹೋಗಿ ಪ್ರಾಸ್ಟೇಟ್ ಗ್ರಂಥಿಯ ರಕ್ತ ಪರೀಕ್ಷೆ ಮಾಡಿಸಿದ. ನಾಲ್ಕರೊಳಗೆ ಇರಬೇಕಾದ ಅಂಕಿ ಎಂಟು ಬಂತು. ಇನ್ನೊಮ್ಮೆ ನೋಡೋಣ ಅಂತಷ್ಟೇ ಡಾಕ್ಟರಮ್ಮ ಹೇಳಿದ್ದು. ಊರಿನವರು ಬಿಡಬೇಕಲ್ಲ! ಒಬ್ಬ ಕುರಿಕೊಬ್ಬು ಬಿಡು ಅಂದ, ಇನ್ನೊಬ್ಬ ಅದನ್ನೇ ತಿನ್ನು ಅಂದ. ಮುಲ್ಲಾ ಬಂದು, ಇನ್ನೂ ಉಸಿರಾಡುತ್ತಿದ್ದವನ ಗುಣಗಾನ ಮಾಡಿ, ಚಹಾ ಕುಡಿದು ಹೋದ. ಇದು ಕ್ಯಾನ್ಸರೇ, ಇನ್ನು ಉಳಿಯೋದಿಲ್ಲ ಅಂತ ಹೆದರಿದ ಎಸೆನ್‌ಕುಲ್ ತನ್ನ ಜೀವದಂತಿದ್ದ ಕಂದು ಕುದುರೆಯನ್ನು ಹಿರಿಯರ ಎದುರೇ ಪಕ್ಕದ ಮನೆಯ ಜಪಾರನಿಗೆ ಕೊಟ್ಟುಬಿಟ್ಟ. ಹಾಗೆ ಕೊಟ್ಟದ್ದನ್ನು ವಾಪಸ್ ಕೇಳಿದವನ ಮುಖ ನಮ್ಮ ಕಡೆ ಯಾರೂ ನೋಡುವುದಿಲ್ಲ.

ಕೊಟ್ಟ ಮೇಲೆ ಸಾಯಲೂ ಇಲ್ಲ. ದಿನಾ ಬೇಲಿ ಪಕ್ಕ ನಿಂತು, ಹಿಡಿ ಹುಲ್ಲು ತಿನ್ನಿಸಿ, ಅದರ ಕುತ್ತಿಗೆ ಸವರಿ ಒಳಗೆ ಹೋಗುತ್ತಿದ್ದ.

ಇವತ್ತು ಮರುಪರೀಕ್ಷೆ. ಬೆಳಿಗ್ಗೆ ನಡೆದುಕೊಂಡೇ ಹೋದ. ಇವನನ್ನು ನೋಡಿ ತನಗೂ ಅದೇ ಇದೆಯೇನೋ ಎಂದು ದಿಗಿಲುಬಿದ್ದಿದ್ದ ಜಪಾರನೂ ಅದೇ ಕುದುರೆ ಏರಿ ಬಂದು ರಕ್ತ ಕೊಟ್ಟ. ಮಧ್ಯಾಹ್ನ ನೋಡಿದರೆ ಎಸೆನ್‌ಕುಲ್‌ನದು ಬರೀ ಮೂರು.

"ಹೋದ ಸಲ ಹೇಗೆ ಬಂದಿದ್ರಿ ತಾತ?" ಡಾಕ್ಟರಮ್ಮ ಕೇಳಿದಳು.

"ಕುದುರೆ ಮೇಲೆ ಮಗಳೇ, ಜೋರಾಗಿ ಓಡಿಸ್ಕೊಂಡು."

"ಅದೇ ಇರಬೇಕು. ಸವಾರಿ ಮಾಡಿದ್ರೆ ಅಂಕಿ ಏರಬಹುದು, ಉರಿಮೂತ್ರ ಇದ್ರೂ ಏರತ್ತೆ. ದಪ್ಪ ಇರೋರಿಗೆ ಕಮ್ಮಿ ತೋರಿಸೋದೂ ಉಂಟು. ಅದಕ್ಕೇ ಇನ್ನೊಮ್ಮೆ ನೋಡೋದು. ಊರಲ್ಲಿ ಎಲ್ರಿಗೂ ಹೇಳಿ, ಎರಡು ಮೂರು ದಿನ ಕುದುರೆ ಹತ್ತದೆ ಬರ್ಲಿ."

ಹೊರಗೆ ಬೆಂಚಿನ ಮೇಲೆ ಜಪಾರ್ ಬಿಳಿಚಿಕೊಂಡು ಕೂತಿದ್ದ. ಅವನ ಕಾಗದದಲ್ಲಿ ಒಂಬತ್ತು. ಮುಂದಿನ ವಾರ ಬಾ ಎಂದು ನರ್ಸ್ ಹೇಳಿದ್ದಳಂತೆ, ಅಷ್ಟೇ. ಸವಾರಿಯ ವಿಷಯ ಹೇಳಲು ಎಸೆನ್‌ಕುಲ್ ಬಾಯಿ ತೆರೆದ. ಅಷ್ಟರಲ್ಲಿ ತಲೆಗೆ ಹಾಳು ಯೋಚನೆ ಹೊಕ್ಕಿತು. ಇವನೂ ಹೆದರಿದರೆ ಕುದುರೆ ಕೊಡುವುದು ಇನ್ಯಾರಿಗೆ, ನನಗೇ ತಾನೆ? ಬಾಯಿ ಮುಚ್ಚಿಕೊಂಡ. ತನ್ನ ಕಾಗದವನ್ನು ಮಡಚಿ ಬೂಟಿನೊಳಗೆ ತುರುಕಿದ.

ಅವನನ್ನು ಚಹಾದಂಗಡಿಗೆ ಕರೆದೊಯ್ದು ರೊಟ್ಟಿ ಮುರಿದು ಮುಂದಿಟ್ಟ. ಸಮಾಧಾನವನ್ನೂ ಹೇಳಿದ. ಇಷ್ಟದ್ದನ್ನು ಬೇರೆಯವರಿಗೆ ಕೊಟ್ಟರೆ ಮನಸ್ಸು ಹಗುರಾಗುತ್ತೆ, ನನಗೂ ಹಾಗೇ ಆಯಿತು ಅಂದ. ಪಾಪ, ಜಪಾರ್ ನಂಬಿದ. ಸಂತೆಯಲ್ಲಿ ಕುರಿ ಮಾರಿ ಖಾಲಿ ಲಾರಿಯಲ್ಲಿ ಹೊರಟಿದ್ದ ತನ್ನ ಅಳಿಯನನ್ನು ಕರೆಸಿ, ಅಂಗಡಿಯಲ್ಲಿದ್ದವರೆಲ್ಲರ ಎದುರು ಕುದುರೆಯ ಹಗ್ಗ ಅವನ ಕೈಗಿಟ್ಟ. ಅಳಿಯನ ಊರು ಘಾಟಿಯಾಚೆಯ ಸುಸಮೀರ್.

ಎಸೆನ್‌ಕುಲ್ ಬಾಯಿಗೆ ಒಯ್ಯುತ್ತಿದ್ದ ರೊಟ್ಟಿಯನ್ನು ಕೆಳಗಿಟ್ಟ.

"ನಿನಗೇ ಕೊಡೋಣ ಅಂದ್ಕೊಂಡೆ ಅಣ್ಣ," ಜಪಾರ್ ಅವನ ಕೈ ಹಿಡಿದ. "ಆದ್ರೆ ನೀನೂ ನನ್ನ ಹಾಗೇ ಹೋಗೋನು. ಪಾಪ, ಆಮೇಲೆ ಅದನ್ನ ಯಾರು ನೋಡ್ಕೋತಾರೆ?"

ಲಾರಿ ಹೊರಟಿತು. ಕುದುರೆ ಒಮ್ಮೆ ಕೆನೆಯಿತು. ಬೇಲಿ ಪಕ್ಕದಲ್ಲಾದರೂ ಇತ್ತಲ್ಲ, ದಿನಾ ಕಾಣುತ್ತಿತ್ತಲ್ಲ ಅಂತ ಮುದುಕ ಕೊರಗಿದ. ಧೂಳು ಅಡಗಿದ ಮೇಲೆ ತಡೆಯಲಾಗದೆ, ಡಾಕ್ಟರಮ್ಮ ಹೇಳಿದ್ದೆಲ್ಲವನ್ನೂ, ತನ್ನ ಮೂರನ್ನೂ ಹೇಳಿಬಿಟ್ಟ.

ಜಪಾರ್ ಲಾರಿ ಹೋದ ದಾರಿಯತ್ತ ನೋಡಿ, ಅವನ ಕಡೆ ತಿರುಗಿದ.

"ಇದು ನಿನಗೆ ಯಾವಾಗ ಗೊತ್ತಾಯ್ತು ಅಣ್ಣ?"

ಎಸೆನ್‌ಕುಲ್ ಬೂಟಿನೊಳಗಿಂದ ಮಡಚಿದ ಕಾಗದ ತೆಗೆದು ಅವನ ಮುಂದೆ ಹಿಡಿದ. ಜಪಾರ್ ಅದನ್ನು ಮುಟ್ಟಲಿಲ್ಲ. ಎದ್ದು, ಅವನಿಗಾಗಿ ಕಾಯದೆ, ಒಬ್ಬನೇ ಊರ ದಾರಿ ಹಿಡಿದು ನಡೆದ.