ಲೈಡನ್‌ನಿಂದ ಡೆಲ್ಫ್ಟ್‌ಗೆ, ಪೋರೂರು ಮಾರ್ಗವಾಗಿ

ನಮ್ಮ ಮನೆಯಲ್ಲಿ ಯಾರೂ ಸುಮ್ಮನೆ ಎಲ್ಲಿಗೂ ಹೋದವರಲ್ಲ. ಸುಮ್ಮನೆ ಒಂದು ಕಡೆ ಹೋಗಿಬರೋಣ ಎಂದು ಯಾರಾದರೂ ಬಾಯಿ ಬಿಟ್ಟರೆ ಸಾಕು, ಏಳುವ ಗಲಾಟೆಗಿಂತ ಒಂದು ಮದುವೆ ಮಾಡುವುದು ಸುಲಭ. ಒಂದು ಸಲ ಆಗಿದ್ದರೆ ಮರೆತುಬಿಡಬಹುದಿತ್ತು. ನಾನು ಸೊಸೆಯಾಗಿ ಚೆನ್ನೈಯ ಮೈಲಾಪೂರಿನ ಈ ಮನೆಗೆ ಬಂದಾಗಿನಿಂದ ಆಗುತ್ತಲೇ ಇದೆ. ಈಚೆಗೆ ಆದದ್ದನ್ನು ಮಾತ್ರ ಹೇಳುತ್ತೇನೆ, ಎಲ್ಲವನ್ನೂ ಹೇಳಿದರೆ ನಮ್ಮವರಿಗೆ ಬೇಜಾರಾಗುತ್ತದೆ.

ಕ್ಯಾಲೆಂಡರಿನ ಬೆಂಚು

ನಾನು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ನನ್ನ ಮೇಜಿನ ಎದುರಿಗೆ ಒಂದು ಕ್ಯಾಲೆಂಡರ್ ಇತ್ತು. ಅದರಲ್ಲಿ ಹಾಲೆಂಡಿನ ಡೆಲ್ಫ್ಟ್ ಎಂಬ ಹಳೆಯ ಊರಿನ ಚಿತ್ರ. ಒಂದು ಕಾಲುವೆ, ಪಕ್ಕದಲ್ಲಿ ಮರ, ಮರದ ಕೆಳಗೆ ಒಂದು ಬೆಂಚು. ವರ್ಷ ಮುಗಿದರೂ ನಾನು ಅದನ್ನು ತೆಗೆಯಲು ಬಿಡಲಿಲ್ಲ. ಆ ಬೆಂಚು ಖಾಲಿ ಇತ್ತು, ಅದಕ್ಕೆ.

ಪ್ರವಾಸದಲ್ಲಿ ನಾನು ಕೂತದ್ದೇ ಇಲ್ಲ. ಕನ್ಯಾಕುಮಾರಿಯಲ್ಲಿ ಎಲ್ಲರೂ ಸೂರ್ಯೋದಯ ನೋಡುವಾಗ ನಾನು ಚಟ್ನಿಪುಡಿಗೆ ಎಣ್ಣೆ ಕಲಸುತ್ತಿದ್ದೆ. ತಾಜಮಹಲಿನಲ್ಲಿ ಎಲ್ಲರ ಚಪ್ಪಲಿ ಕಾದೆ. ಊಟಿಯ ಫೋಟೋದಲ್ಲಿ ನನ್ನ ಕೈ ಮಾತ್ರ ಬಂದಿದೆ, ಪುಳಿಯೋಗರೆ ತಟ್ಟೆ ಹಿಡಿದುಕೊಂಡು. ರಿಟೈರ್ ಆದ ಮೇಲೆ ನನಗೆ ಬೇಕಾಗಿದ್ದು ಇಷ್ಟೇ: ಲೈಡನ್ ಎಂಬ ಒಂದು ಹಳೆಯ ಊರಿನಿಂದ ಡೆಲ್ಫ್ಟ್ ಎಂಬ ಇನ್ನೊಂದು ಹಳೆಯ ಊರಿಗೆ ಕಾರಿನಲ್ಲಿ ನಿಧಾನವಾಗಿ ಹೋಗುವುದು, ಆ ಬೆಂಚಿನ ಮೇಲೆ ಕೂರುವುದು, ಯಾರಾದರೂ ಕಾಫಿ ತಂದುಕೊಟ್ಟರೆ ಕುಡಿಯುವುದು.

ಭಾನುವಾರ ಕೀಲ್ಪಾಕ್‌ನಲ್ಲಿ ನಮ್ಮವರ ಅಣ್ಣನ ಮನೆಯಲ್ಲಿ ಊಟ. ನಾಲ್ಕು ದಿನದ ಪ್ರವಾಸ ಎಂದು ಅಲ್ಲೇ ವಿಷಯ ಎತ್ತಿದೆ. ನಮ್ಮ ಭಾವನವರು ರೈಲುಗಳ ವೇಳಾಪಟ್ಟಿ ಮಾಡುವ ಕೆಲಸದಲ್ಲಿದ್ದು ನಿವೃತ್ತರಾದವರು. ಈಗ ಕೈಗೆ ರೈಲು ಸಿಗುವುದಿಲ್ಲವಾದ್ದರಿಂದ ನಮ್ಮನ್ನು ಓಡಿಸುತ್ತಾರೆ. ಅವರು ಮೊಬೈಲಿನಲ್ಲಿ ನಕ್ಷೆ ತೆಗೆದು, ಕನ್ನಡಕ ಏರಿಸಿ, ನನ್ನನ್ನು ನೋಡಿದರು.

"ಏನಮ್ಮಾ ಇದು? ಅರ್ಧ ಗಂಟೆ ದಾರಿ. ಇದಕ್ಕೆ ನಾಲ್ಕು ದಿನವಾ?"

"ನಿಧಾನವಾಗಿ ಹೋಗೋಣ ಅಂತ, ಭಾವ."

"ಸರಿ. ಆದ್ರೆ ನಿಧಾನಕ್ಕೂ ಒಂದು ಟೈಮ್‌ಟೇಬಲ್ ಬೇಕಲ್ಲ."

ಮರುದಿನವೇ ಟೈಮ್‌ಟೇಬಲ್ ವಾಟ್ಸಾಪಿನಲ್ಲಿ ಬಂತು. ಎಲ್ಲ ದಿನ ಬೆಳಗಿನ ಜಾವಕ್ಕೇ ಏಳಬೇಕು. ಮೂರನೆಯ ದಿನ ಮಧ್ಯಾಹ್ನ ಚರ್ಚಿಗೂ ಕಾಲುವೆಗೂ ನಡುವೆ ಹತ್ತು ನಿಮಿಷ ಬಿಟ್ಟು, ಎದುರಿಗೆ ಬರೆದಿದ್ದರು: "ಆರಾಮ. ಯಾರೂ ಲೇಟ್ ಮಾಡಬಾರದು."

ಅಲ್ಲಿವರೆಗೂ ಹೋಗಿ

ನಮ್ಮವರಿಗೆ ಬೇರೆ ಚಿಂತೆ. "ಅಲ್ಲಿವರೆಗೂ ಹೋಗಿ ಪ್ಯಾರಿಸ್ ನೋಡದೆ ಬಂದರೆ ಕೇಳಿದವರು ಏನಂತಾರೆ?" ಎಂದರು. ಕೇಳುವವರು ಯಾರು ಎಂದು ನಾನು ಕೇಳಿದೆ. ನಮ್ಮ ಅಪಾರ್ಟ್‌ಮೆಂಟಿನ ವಾಕಿಂಗ್ ಗುಂಪು. ಆ ಗುಂಪಿನಲ್ಲಿ ಯಾರು ಎಲ್ಲಿಗೆ ಹೋಗಿ ಬಂದರೂ ಮೊದಲು ಕೇಳುವುದು ಏನು ನೋಡಲಿಲ್ಲ ಎಂದೇ.

ಪ್ಯಾರಿಸ್ ಸೇರಿತು. ಪ್ಯಾರಿಸ್ಸಿನವರೆಗೂ ಹೋಗಿ ಸ್ವಿಟ್ಜರ್‌ಲೆಂಡಿನ ಹಿಮ ನೋಡದಿದ್ದರೆ ಹೇಗೆ ಎಂದು ಭಾವ ಸೇರಿಸಿದರು. ಹಿಮದ ತನಕ ಹೋದ ಮೇಲೆ ರೋಮ್ ಇಳಿಜಾರಿನಲ್ಲೇ ಇದೆಯಂತೆ. ನಮ್ಮ ಮಗಳಿಗೆ ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ಅವಳು ಪಟ್ಟಿ ನೋಡಿ, "ಪೆರಿಯಪ್ಪಾ, ಅಮ್ಮಾ ಕೇಟ್ಟ ಊರ್ ಎಂಗೇ?" ಎಂದಳು. ದೊಡ್ಡಪ್ಪಾ, ಅಮ್ಮ ಕೇಳಿದ ಊರು ಎಲ್ಲಿ ಎಂದು.

ಭಾವ ಪುಟ ತಿರುಗಿಸಿ ಹುಡುಕಿದರು. ಕೊನೆಯಲ್ಲಿ ಸಿಕ್ಕಿತು. "ಲೈಡನ್, ಡೆಲ್ಫ್ಟ್: ಸಮಯವಿದ್ದರೆ."

ಆ ದಿನ ನನಗೆ ನಿಜವಾಗಿ ಸಿಟ್ಟು ಬಂತು. ನಾನು ಊಟಕ್ಕೆ ಬಡಿಸದೆ ಒಳಗೆ ಹೋಗಿ ಮಲಗಿದೆ. ಸಂಜೆಯೊಳಗೆ ರೋಮ್, ಸ್ವಿಟ್ಜರ್‌ಲೆಂಡ್, ಪ್ಯಾರಿಸ್ ಮೂರೂ ರದ್ದಾದವು. ಸಾರು ಬಿಸಿ ಮಾಡುವುದು ಯಾರಿಗೂ ಗೊತ್ತಿರಲಿಲ್ಲ.

ರಾಹುವಿನ ಹಾಲೆಂಡ್ ಪ್ರವಾಸ

ಹೊರಡುವ ಗಳಿಗೆ ಗೊತ್ತುಮಾಡುವಾಗ ಭಾವ ರಾಹುಕಾಲ ಬಿಡಬೇಕು ಎಂದರು. ಚೆನ್ನೈ ರಾಹುಕಾಲ ಅಲ್ಲಿಗೆ ನಡೆಯುತ್ತದೆಯೇ ಎಂದು ನಮ್ಮವರಿಗೆ ಸಂಶಯ. ಅಣ್ಣತಮ್ಮ ಇಬ್ಬರೂ ಕಾಗದ ಹಿಡಿದು ಕೂತರು. ರಾಹುಕಾಲ ಎಂದರೆ ಹಗಲಿನ ಎಂಟು ಪಾಲಿನಲ್ಲಿ ಒಂದು ಪಾಲು. ಬೇಸಿಗೆಯಲ್ಲಿ ಹಾಲೆಂಡಿನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತು ಗಂಟೆಗೆ. ಲೆಕ್ಕ ಹಾಕಿದರೆ ಅಲ್ಲಿನ ರಾಹುಕಾಲ ಒಂದೊಂದೂ ಎರಡು ಗಂಟೆ ಉದ್ದ.

"ಯಮಗಂಡ ಕಾಲವೂ ಅಷ್ಟೇ ಉದ್ದ ಅಣ್ಣಾ," ಎಂದು ನಮ್ಮವರು ಗಾಬರಿಯಾದರು. ಅಷ್ಟರಲ್ಲಿ ಅವರಿಗೆ ಇನ್ನೊಂದು ಹೊಳೆಯಿತು. ಸಾಯಂಕಾಲದ ಸಂಧ್ಯಾವಂದನೆ ಮುಗಿಯದೆ ಅವರು ಊಟ ಮಾಡುವುದಿಲ್ಲ. ಸೂರ್ಯ ಹತ್ತಕ್ಕೆ ಮುಳುಗಿದರೆ ಊಟ ಯಾವಾಗ? "ಅಲ್ಲಿಯವರೆಗೆ ಏನಾದರೂ ಟಿಫಿನ್ ಮಾಡ್ತೀಯಲ್ಲ?" ಎಂದು ನನ್ನ ಕಡೆ ತಿರುಗಿದರು.

ನನ್ನ ಓರಗಿತ್ತಿಯದು, ಎಂದರೆ ಭಾವನವರ ಹೆಂಡತಿಯದು, ಮಾತು ಕಡಿಮೆ. ಅವರು ಬೀನ್ಸ್ ಹೆಚ್ಚುತ್ತಾ ತಲೆ ಎತ್ತದೆ ಕೇಳಿದರು: "ದಾರಿ ಅರ್ಧ ಗಂಟೆ ಅಂದ್ರಲ್ಲ? ಒಂದು ರಾಹುಕಾಲದೊಳಗೆ ಹೋಗಿ ಬಂದು, ಮತ್ತೆ ಹೋಗಿ ಬಂದ್ಬಿಡಬಹುದು."

ಬಲಗಡೆ

ಹಾಲೆಂಡಿನಲ್ಲಿ ಗಾಡಿ ರಸ್ತೆಯ ಬಲಗಡೆ ಓಡುತ್ತದೆ. ಕಾರು ಓಡಿಸುವುದು ನಮ್ಮವರು, ಅವರು ಹುಟ್ಟಿದಾಗಿನಿಂದ ಎಡಗಡೆಯವರು. ಅಭ್ಯಾಸವಾಗಲಿ ಎಂದು ಒಂದು ಮುಂಜಾನೆ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಬಲಗಡೆಗೆ ಓಡಿಸಿ ನೋಡಿದರು. ನಾನು ಪಕ್ಕದಲ್ಲಿ ಸೀಟು ಹಿಡಿದುಕೊಂಡು ಹರಿವಾಯುಸ್ತುತಿ ಹೇಳಿಕೊಳ್ಳುತ್ತಿದ್ದೆ.

ಎದುರಿಗೆ ಒಂದು ಆಟೋ ಬಂತು. ಬೈಗುಳಕ್ಕೆ ನಾನು ಸಿದ್ಧಳಾದೆ. ಆಟೋದವರು ಪಕ್ಕದಲ್ಲಿ ನಿಲ್ಲಿಸಿ, ತಲೆ ಹೊರಗೆ ಹಾಕಿ, ಬಹಳ ಮರ್ಯಾದೆಯಿಂದ ಹೇಳಿದರು: "ಸಾರ್, ಇಪ್ಪಡಿಯೇ ಪೋಂಗ. ಅಂದ ಪಕ್ಕಂ ನಾನೂ ವರ್ರದಿಲ್ಲೆ, ಪಳ್ಳಂ." ಹೀಗೇ ಹೋಗಿ, ಆ ಕಡೆ ಗುಂಡಿ ಇದೆ, ನಾನೂ ಬರುವುದಿಲ್ಲ ಎಂದು. ನಮ್ಮವರು ಅರ್ಧ ಊರು ಸುತ್ತಿ ಬಂದರು. ಅವರು ಬಲಗಡೆಗೆ ಓಡಿಸುತ್ತಿದ್ದಾರೆಂದು ಚೆನ್ನೈಯಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ರಿಹರ್ಸಲ್

ಇಷ್ಟಾದ ಮೇಲೆ ಭಾವ ರಿಹರ್ಸಲ್ ಬೇಕು ಎಂದರು. "ಯಾವ ಹೊಸ ರೈಲೂ ಟ್ರಯಲ್ ಇಲ್ಲದೆ ಓಡಲ್ಲಮ್ಮಾ." ಮೈಲಾಪೂರಿನ ನಮ್ಮ ಮನೆ ಲೈಡನ್. ಅಲ್ಲಿಂದ ಕೀಲ್ಪಾಕ್‌ಗೆ ಹೋಗಿ ಅವರಿಬ್ಬರನ್ನು ಹತ್ತಿಸಿಕೊಂಡು ಪೋರೂರು ಕೆರೆಗೆ ಹೋದರೆ ದೂರ ಹೆಚ್ಚುಕಡಿಮೆ ಸರಿಹೋಗುತ್ತದೆ. ಪೋರೂರು ಕೆರೆ ಡೆಲ್ಫ್ಟ್. ಸಾಮಾನು ಕಾರಿನಲ್ಲಿ ಹಿಡಿಸುತ್ತದೋ ಇಲ್ಲವೋ ಗೊತ್ತಾಗಬೇಕಾದ್ದರಿಂದ ಹಾಲೆಂಡಿಗೆ ಒಯ್ಯುವುದೆಲ್ಲ ಇಲ್ಲಿಯೂ ಬರಬೇಕು.

ಎಲ್ಲ ಎಂದರೆ ಎಲ್ಲ. ಉಣ್ಣೆಯ ಕೋಟು, ಪುಳಿಯೋಗರೆ ಗೊಜ್ಜು, ಮೂರು ಬಗೆ ಪುಡಿ, ಅವಲಕ್ಕಿ, ಕಾಫಿ ಫಿಲ್ಟರ್, ಕರೆಂಟಿನ ಕುಕ್ಕರ್. "ಅಲ್ಲಿ ಅಡುಗೆ ಯಾರು ಮಾಡೋದು?" ಎಂದೆ. ಅಣ್ಣತಮ್ಮ ಇಬ್ಬರೂ ಒಟ್ಟಿಗೆ, "ನೀವಿಬ್ಬರೂ ಇದ್ದೀರಲ್ಲ!" ಎಂದರು. ನಲವತ್ತು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ವಿಷಯ ಅದು.

ಮಧ್ಯಾಹ್ನ ಊಟ ಮುಗಿಸಿ ಹೊರಟೆವು. ಮಗಳು ಕಾರು ನೋಡಿ, "ನಾನ್ ವರಲೆ," ನಾನು ಬರುವುದಿಲ್ಲ ಎಂದು ಒಳಗೆ ಹೋದಳು, ಬುದ್ಧಿವಂತೆ. ಕುಕ್ಕರಿಗೆ ಡಿಕ್ಕಿಯಲ್ಲಿ ಜಾಗವಾಗದೆ ಅದು ನನ್ನ ತೊಡೆಯ ಮೇಲೆ ಕೂತಿತು. ಕೀಲ್ಪಾಕ್ ದಾಟಿದ್ದೇ ತಡ, ಮೆಟ್ರೋ ಕೆಲಸದ ಹತ್ತಿರ ರಸ್ತೆ ನಿಂತುಬಿಟ್ಟಿತು. ಎದುರಿಗೆ ತಗಡಿನ ಬೇಲಿ, ಹಿಂದೆ ನೀರಿನ ಲಾರಿ. ಭಾವ ಮುಂದಿನ ಸೀಟಿನಲ್ಲಿ ಟೈಮ್‌ಟೇಬಲ್ ಹಿಡಿದುಕೊಂಡು ಒಂದೊಂದನ್ನೇ ಓದಿ ಹೇಳುತ್ತಿದ್ದರು. "ಈಗ ನಾವು ಗಾಳಿಗಿರಣಿ ನೋಡ್ತಾ ಇರ್ಬೇಕಿತ್ತು." ಸ್ವಲ್ಪ ಹೊತ್ತಿಗೆ, "ಈಗ ಚರ್ಚು." ಆಮೇಲೆ ಮೆಲ್ಲಗೆ, "ಆರಾಮ ಈಗ ತಾನೇ ಮುಗೀತು."

ಕಾರಿನೊಳಗೆ ಸೆಕೆ, ಬೆನ್ನಿಗೆ ಕೋಟು, ತೊಡೆಗೆ ಕುಕ್ಕರ್. ಪೋರೂರು ಮುಟ್ಟುವಾಗ ಹೊತ್ತು ಇಳಿದಿತ್ತು. ಕೆರೆಯ ಹತ್ತಿರ ಒಂದು ಟೀ ಅಂಗಡಿಯ ಪಕ್ಕ ಕಾರು ನಿಲ್ಲಿಸಿದರು. ನಾನು ಕುಕ್ಕರನ್ನು ಸೀಟಿನ ಮೇಲಿಟ್ಟು ಇಳಿದೆ. ಕೆರೆಯ ನೀರು ಕಂಡಿತು. ದಂಡೆಯಲ್ಲಿ ಒಂದು ಬೇವಿನ ಮರ. ಮರದ ಕೆಳಗೆ ಒಂದು ಬೆಂಚು.

ಖಾಲಿ ಇತ್ತು.

ಡೆಲ್ಫ್ಟ್ ಅಲ್ಲದಿದ್ದರೇನು, ನೀರು, ಮರ, ಬೆಂಚು ಮೂರೂ ಇದ್ದವು. ಸೆರಗು ಸರಿಮಾಡಿಕೊಂಡು ಅದರ ಕಡೆ ನಡೆದೆ. ನಾನು ಸೇರುವಷ್ಟರಲ್ಲಿ ಹಿಂದಿನಿಂದ ಅಣ್ಣತಮ್ಮ ಇಬ್ಬರೂ ದಾಪುಗಾಲಿನಲ್ಲಿ ನನ್ನನ್ನು ದಾಟಿಹೋಗಿ, "ಉಸ್ಸಪ್ಪಾ!" ಎಂದು ಆ ತುದಿಯಿಂದ ಈ ತುದಿಗೆ ಹರಡಿಕೊಂಡು ಕೂತರು. ಭಾವ ಕಣ್ಣು ಮುಚ್ಚಿಕೊಂಡೇ ಕೈ ಚಾಚಿದರು. "ಫ್ಲಾಸ್ಕ್ ತಂದಿದ್ದೀಯಲ್ಲಮ್ಮಾ? ಒಂದು ವಾಯಿ, ಒಂದೇ ಗುಟುಕು ಕಾಫಿ ಕೊಡು."

ನಾನು ಕಾರಿಗೆ ಹೋಗಿ ಫ್ಲಾಸ್ಕ್ ತಂದೆ. ಲೋಟ ತಂದೆ. ಸಕ್ಕರೆ ಡಬ್ಬಿ ತಂದೆ. ಮೂರನ್ನೂ ಭಾವನವರ ಮಡಿಲಲ್ಲಿಟ್ಟೆ.

"ರಿಹರ್ಸಲ್ ಅಂದ್ರಲ್ಲ, ಭಾವ. ಹಾಲೆಂಡಿನಲ್ಲಿ ನನ್ನ ಪಾರ್ಟು ಬೆಂಚಿನ ಮೇಲೆ ಕೂರೋದು. ನಾನೂ ಪ್ರಾಕ್ಟೀಸ್ ಮಾಡ್ಬೇಕು. ಏಳಿ."

ಭಾವ ಕಣ್ಣು ಬಿಟ್ಟು ತಮ್ಮನನ್ನು ನೋಡಿದರು. ನಮ್ಮವರು ಕೆರೆ ನೋಡಿದರು. ಆಮೇಲೆ ಇಬ್ಬರೂ ಎದ್ದರು. ನಾನು ಕೂತೆ. "ಅಕ್ಕಾ, ಬನ್ನಿ," ಎಂದು ಓರಗಿತ್ತಿಯನ್ನೂ ಕರೆದು ಕೂರಿಸಿಕೊಂಡೆ. ಎದುರಿಗೆ ಭಾವ ಲೋಟ ಹಿಡಿದರು, ನಮ್ಮವರು ಫ್ಲಾಸ್ಕ್ ಬಗ್ಗಿಸಿದರು. ಅರ್ಧ ಕಾಫಿ ಭಾವನವರ ಪಂಚೆಗೆ, ಸ್ವಲ್ಪ ಟೈಮ್‌ಟೇಬಲ್ಲಿಗೆ, ಉಳಿದದ್ದು ಲೋಟಕ್ಕೆ ಬಿತ್ತು. "ಇದು ಪ್ಲಾನ್‌ನಲ್ಲೇ ಇರ್ಲಿಲ್ಲ," ಎಂದು ಭಾವ ಗೊಣಗಿ ಲೋಟವನ್ನು ಹೆಂಡತಿಯ ಕೈಗೆ ಕೊಟ್ಟರು.

ಮದುವೆಯಾಗಿ ಇಷ್ಟು ವರ್ಷಕ್ಕೆ ಗಂಡನ ಕೈಯಿಂದ ಮೊದಲ ಕಾಫಿ. ಓರಗಿತ್ತಿ ಒಂದು ಗುಟುಕು ಕುಡಿದು, ಬಾಯಲ್ಲಿಟ್ಟುಕೊಂಡು ಯೋಚಿಸಿ, ನುಂಗಿ, ನನ್ನ ಕಡೆ ತಿರುಗಿದರು.

"ಸಕ್ಕರೆ ಸಾಲದು ಕಣೇ. ಹಾಲೆಂಡಿಗೆ ಟಿಕೆಟ್ ಈಗಲೇ ತೆಗೀಬೇಡ. ಇವರಿಗೆ ಇನ್ನೂ ನಾಲ್ಕೈದು ರಿಹರ್ಸಲ್ ಬೇಕು."