ನಮ್ಮ ಆ್ಯಪೂ ಮೂರು ಊರಿನ ಗ್ರೂಪುಗಳೂ

ಗ್ರೂಪುಗಳಲ್ಲಿ ಪ್ರಚಾರ ಮಾಡುವುದು ಮನೆಯಲ್ಲೇ ಕೂತು ಮುಗಿಸುವ ಕೆಲಸ ಎಂದುಕೊಂಡವರು ಒಮ್ಮೆ ನಮ್ಮ ಕಡೂರಿಗೆ ಬಂದು ನೋಡಬೇಕು. ದಿನ ಬೆಳಗಾದರೆ ಏನಾದರೊಂದು ಎಡವಟ್ಟು. ನಾನೂ ನನ್ನ ತಮ್ಮನೂ, ಅಂದರೆ ಚಿಕ್ಕಪ್ಪನ ಮಗನೂ ಸೇರಿ, ತೆಂಗಿನಕಾಯಿ ಕೀಳುವವರನ್ನು ತೋಟದವರಿಗೆ ಹುಡುಕಿಕೊಡುವ ಆ್ಯಪ್ ಮಾಡಿದ್ದೆವು. ತೊಂದರೆ ಒಂದೇ, ಅದಕ್ಕೆ ಮರ ಹತ್ತುವವರು ಒಬ್ಬರೂ ಸೇರಿರಲಿಲ್ಲ.

"ಈ ತಿಂಗಳೊಳಗೆ ಒಬ್ಬನಾದ್ರೂ ಸೇರ್ಲಿಲ್ಲ ಅಂದ್ರೆ ಅದನ್ನ ಮುಚ್ಚಿ ಮಾವನ ಹಾರ್ಡ್‌ವೇರ್ ಅಂಗಡೀಲಿ ಕೂತ್ಕೊ" ಎಂದು ಚಿಕ್ಕಮ್ಮ ಮಗನಿಗೆ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮೊಳೆ ತೂಗುವುದೆಂದರೆ ಅವನಿಗೆ ಜೀವ ಹೋದಂತಾಗುತ್ತದೆ.

ಶುಭೋದಯ

ತರೀಕೆರೆಯ ತೆಂಗು ಬೆಳೆಗಾರರ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಜಾಹೀರಾತು ಹಾಕಿದರೆ ಅಡ್ಮಿನ್ ಮುಲಾಜಿಲ್ಲದೆ ಹೊರಗೆ ದಬ್ಬುತ್ತಿದ್ದರು. ಶುಭೋದಯದ ಚಿತ್ರಗಳಿಗೆ ಮಾತ್ರ ಅಡ್ಡಿಯಿಲ್ಲ. ನನ್ನ ತಮ್ಮ ಒಂದು ಗುಲಾಬಿ ಹಾಕಿ, 'ಶುಭೋದಯ' ಎಂದು ಬರೆದು, ಕೆಳಗೆ ನಮ್ಮ ಆ್ಯಪಿನ ವಿವರ ಸೇರಿಸಿ ಬಿಟ್ಟ. ಅದು ಊರೂರು ಸುತ್ತಿ ಮಧ್ಯಾಹ್ನಕ್ಕೆ ಚಿಕ್ಕಮ್ಮನಿಂದಲೇ ಅವನಿಗೆ ವಾಪಸ್ ಬಂತು.

"ಅಮ್ಮಾ, ಕೆಳಗೆ ಏನಿದೆ ಓದಿದ್ಯಾ?"

"ಶುಭೋದಯಾನ ಯಾರಾದ್ರೂ ಓದ್ತಾರೇನೋ? ಕಳಿಸ್ತಾರೆ, ಅಷ್ಟೆ."

ಮುಖ ನೋಡದೆ ಸೇರಿಸೋಲ್ಲ

ಅಜ್ಜಂಪುರದ ಫೇಸ್‌ಬುಕ್ ಗ್ರೂಪಿಗೆ ಸೇರಲು ಕೋರಿಕೆ ಕಳಿಸಿದೆ. ಅಡ್ಮಿನ್, ಸೈಕಲ್ ಶಾಪಿನ ಸಾಹೇಬರು. "ಮುಖ ನೋಡ್ದೆ ಯಾರನ್ನೂ ಸೇರ್ಸಲ್ಲ, ಬಂದ್ಹೋಗಿ" ಎಂದರು. ಬಸ್ ಹತ್ತಿ ಹೋದೆ. ಟೀ ತರಿಸಿ, ನನ್ನ ಅಜ್ಜಿ ಯಾವ ಬೀದಿಯವರು ಎಂಬಲ್ಲಿಂದ ಶುರು ಮಾಡಿದರು. ಹೆಣ್ಣು ನೋಡಲು ಬಂದವರೂ ನನ್ನನ್ನು ಅಷ್ಟು ಕೇಳಿರಲಿಲ್ಲ.

"ಅಜ್ಜಿ ನಮ್ಮೂರೋರು ಅಂದ್ಮೇಲೆ ನೀವೂ ನಮ್ಮೋರೇ. ಆದ್ರೆ ಸೇರ್ಸೋಕೆ ಎಲ್ಲಿ ಒತ್ಬೇಕು ಅಂತ ನನ್ ಮಗಳಿಗೇ ಗೊತ್ತು ಕಣಮ್ಮ. ಗಂಡನ ಮನೇಲವ್ಳೆ. ಹಬ್ಬಕ್ಕೆ ಬತ್ತಾಳೆ, ಅಲ್ಲೀಗಂಟ ತಡ್ಕೊಳಿ."

ಮರ ಎಲ್ಲಿ?

ಕಡೂರಿನ ಗ್ರೂಪಿನಲ್ಲಿ ಪ್ರಶ್ನೆ ಕೇಳಬಹುದು, ಪ್ರಚಾರ ಕೂಡದು. ತಮ್ಮ ಉಪಾಯ ಹೂಡಿದ. ಅವನು "ಕಾಯಿ ಕೀಳೋರು ಎಲ್ಲಿ ಸಿಗ್ತಾರೆ?" ಎಂದು ಕೇಳುವುದು, ನಾನು ಯಾರೋ ಎಂಬಂತೆ ಬಂದು ನಮ್ಮ ಆ್ಯಪಿನ ಹೆಸರು ಹೇಳುವುದು. ನಾನು ಅನ್ನಕ್ಕಿಟ್ಟು ಬರುವಷ್ಟರಲ್ಲಿ ಪುಣ್ಯಾತ್ಮರೊಬ್ಬರು ವಿಳಾಸ ಕೇಳಿದ್ದರು, ಇವನು ನಿಜವೆನಿಸಲಿ ಎಂದು ತನ್ನ ಮನೆಯದನ್ನೇ ಹಾಕಿದ್ದ.

ನಮ್ಮ ಕಡೆ ಯಾರಾದರೂ ಆಳು ಬೇಕು ಎಂದರೆ ಉತ್ತರ ಬರೆಯುತ್ತಾ ಕೂರುವುದಿಲ್ಲ, ಆಳನ್ನೇ ಕಳಿಸುತ್ತಾರೆ. ಮರುದಿನ ಬೆಳಿಗ್ಗೆ ಯಗಟಿಯಿಂದ, ಸುತ್ತಲ ಊರುಗಳಿಂದ ಜನ ಹಗ್ಗ, ಮಚ್ಚು ಹಿಡಿದು ಬಂದರು. ಚಿಕ್ಕಮ್ಮ ಮಚ್ಚು ನೋಡಿ ಬಾಗಿಲು ಹಾಕಿಕೊಂಡು ನನಗೆ ಫೋನ್ ಮಾಡಿದರು. ಓಡಿದೆ.

"ಮರ ಎಲ್ಲಮ್ಮ?" ಎಂದರು ಅವರಲ್ಲಿ ಹಿರಿಯರು.

ಚಿಕ್ಕಮ್ಮನದು ಮಹಡಿ ಮೇಲಿನ ಬಾಡಿಗೆ ಮನೆ. ಇರುವುದು ಒಂದು ತುಳಸಿ ಗಿಡ. ತಮ್ಮ ಕೈಮುಗಿದು ನಿಜ ಹೇಳಿದ.

ಹಿರಿಯರು ನಕ್ಕುಬಿಟ್ಟರು. "ಮರ ಹತ್ತೋಕೆ ಬಂದು ಮಹಡಿ ಹತ್ತಿದ್ವಿ. ಬಂದಿದ್ದಂತೂ ಆಯ್ತು, ಅದೇನು ಆ್ಯಪೋ ತೋರ್ಸಪ್ಪಾ."

ಕಾಫಿ ಕುಡಿಯುತ್ತಾ ಒಬ್ಬೊಬ್ಬರೇ ಫೋನ್ ಮುಂದೆ ಚಾಚಿದರು, ತಮ್ಮ ಎಲ್ಲರನ್ನೂ ಆ್ಯಪಿಗೆ ಸೇರಿಸಿದ. ಅವರು ಮೆಟ್ಟಿಲಿಳಿದು ಹೋದ ಮೇಲೆ ಚಿಕ್ಕಮ್ಮ ಹಾರ್ಡ್‌ವೇರ್ ಅಂಗಡಿಗೆ ಫೋನ್ ಮಾಡಿದರು.

"ಅಣ್ಣಾ, ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡ್ಕೊ. ಮರ ಇಲ್ದಂಗೇ ನನ್ ಮಗ ಇಷ್ಟು ಜನಾನ ಕರೆಸವ್ನೆ, ಇನ್ನು ಮರ ಇದ್ದಿದ್ರೆ ಕಡೂರು ಸಾಲ್ತಿತ್ತಾ?"