ಬಣ್ಣ ಅಳೆಯುವ ಮಿಷಿನ್ನಿನ ಅಪಾಯಗಳು

ಚನ್ನಪಟ್ಟಣ ತಾಲ್ಲೂಕಿನ ಸರ್ಕಾರಿ ಹೈಸ್ಕೂಲೊಂದರಲ್ಲಿ ನಾನು ಕೆಮಿಸ್ಟ್ರಿ ಮೇಡಂ. ಲ್ಯಾಬಿನಲ್ಲಿ ಆಸಿಡ್ಡು, ಬೆಂಕಿ, ಗಾಜು ಎಲ್ಲಾ ಇದ್ದರೂ ನನಗೆ ಅಪಾಯ ಬರುವುದು ಯಾವಾಗಲೂ ದೊಡ್ಡ ಮನುಷ್ಯರಿಂದಲೇ. ದಾನಿಗಳೊಬ್ಬರು ಸ್ಪೆಕ್ಟ್ರೋಮೀಟರ್ ಕೊಟ್ಟ ಮೇಲಂತೂ ವಾರಕ್ಕೊಂದು. ಅದೇನೂ ಬ್ರಹ್ಮವಿದ್ಯೆಯಲ್ಲ, ದ್ರಾವಣದೊಳಗೆ ಬೆಳಕು ಬಿಟ್ಟು, ಯಾವ ಬಣ್ಣ ಎಷ್ಟಿದೆ ಅಂತ ಹೇಳುವ ಪೆಟ್ಟಿಗೆ.

೧. ಮೊದಲ ಪೂಜೆ

"ಅಪಾಯ ಏನೇನಿದೆ, ಬರೆದುಕೊಡಿ ಮೇಡಂ. ಆಮೇಲೆ ನನ್ನ ತಲೆಗೆ ಬರಬಾರ್ದು" ಅಂದರು ಹೆಡ್‌ಮಾಸ್ಟರು. ಗಾಜಿನ ಕೊಳವೆ ಒಡೆಯಬಹುದು, ದೀಪ ನೇರ ನೋಡಿದರೆ ಕಣ್ಣಿಗೆ ತೊಂದರೆ, ಒಳಗೆ ನೀರು ಹೋದರೆ ಶಾಕ್ ಹೊಡೆಯಬಹುದು ಅಂತ ಒಂದು ಪುಟ ಬರೆದುಕೊಟ್ಟೆ. ಕೊನೆಯವರೆಗೂ ಓದಿದರು, ಸಹಿ ಹಾಕಿದರು, ಸೀಲು ಒತ್ತಿದರು. ಆಮೇಲೆ ಮಿಷಿನ್ನಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಒಳಗಿದ್ದುದನ್ನೆಲ್ಲ ಮಿಷಿನ್ನಿನ ನೆತ್ತಿಯ ಮೇಲೇ ಭಕ್ತಿಯಿಂದ ಸುರಿದರು.

"ಸಾರ್, ನೀರು!" ಅಂತ ಕಿರುಚಿಕೊಂಡೆ.

"ನೀರೆಲ್ಲಿ ಮೇಡಂ? ತೀರ್ಥ ಅದು."

೨. ಅರ್ತು

ನಾಲ್ಕು ದಿನ ಬಿಸಿಲು ಕಾಯಿಸಿಕೊಂಡು ಮಿಷಿನ್ನು ಹೇಗೋ ಚೇತರಿಸಿಕೊಂಡಿತು. ಆದರೆ ಮುಟ್ಟಿದರೆ ಕೈ ಜುಮ್ ಅನ್ನುತ್ತಿತ್ತು. ಹೊಂಗನೂರಿನಿಂದ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿದೆ.

"ಅರ್ತಿಂಗ್ ಇದೆಯಾ ನೋಡಪ್ಪ."

ಗೋಡೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಸ್ಕೂಲು ಭೂಮಿ ಮ್ಯಾಲೇ ಐತಲ್ಲ ಮೇಡಮ್ಮೋರೆ, ಇನ್ಯಾವ ಅರ್ತು ಬೇಕು?"

"ಶಾಕ್ ಹೊಡೀತಿದೆಯಲ್ಲಪ್ಪ!"

ತಾನೂ ಮುಟ್ಟಿ ನೋಡಿ, ಹಾವು ಮುಟ್ಟಿದವನ ಹಾಗೆ ಕೈ ಎಳೆದುಕೊಂಡ. "ಒಸಿ ಐತೆ. ನೀವ್ ರಬ್ಬರ್ ಚಪ್ಲಿ ಹಾಕ್ಕಳಿ."

"ಮತ್ತೆ ಮಕ್ಕಳು?"

"ಒಳ್ಳೇದೇ ಆಯ್ತು ಬುಡಿ, ಪಾಠದಾಗೆ ತೂಕಡ್ಸಕ್ಕಿಲ್ಲ."

೩. ಅರಿಶಿನ

ಪೇಟೆಯಿಂದ ಬೇರೆಯವರನ್ನು ಕರೆಸಿ ಅರ್ತಿಂಗ್ ಹಾಕಿಸಿದ ಮೇಲೆ, ಒಂಬತ್ತನೇ ಕ್ಲಾಸಿನ ಹುಡುಗಿಯರಿಗೆ ಒಂದು ಪ್ರಯೋಗ ಕೊಟ್ಟೆ: ಮನೆಯಲ್ಲಿ ಕುಟ್ಟಿದ ಅರಿಶಿನಕ್ಕೂ ಅಂಗಡಿಯದಕ್ಕೂ ಏನು ವ್ಯತ್ಯಾಸ? ಮಿಷಿನ್ನು ಮುಲಾಜಿಲ್ಲದೆ, ಅಂಗಡಿಯ ಪುಡಿಯಲ್ಲಿ ಅರಿಶಿನದ್ದಲ್ಲದ ಬಣ್ಣ ಇದೆ ಅಂದಿತು. ಅಂಗಡಿ ನಮ್ಮ ಶಾಲಾ ಸಮಿತಿ ಅಧ್ಯಕ್ಷರದು.

ಸಂಜೆಯೊಳಗೆ ಬಂದೇಬಿಟ್ಟರು. "ಅಲ್ಲ ಮೇಡಂ, ನಿಮ್ ಮಿಷಿನ್‌ಗೆ ನಾನೇನ್ ಅನ್ಯಾಯ ಮಾಡಿದ್ದೆ?"

ಕನಕಪುರದ ಆಚೆ ಯಾವುದೋ ಕಾಡಂಚಿನ ಸ್ಕೂಲಿಗೆ ನನ್ನ ವರ್ಗ ಆದಂತೆಯೇ ಅನ್ನಿಸಿತು. ಅಷ್ಟರಲ್ಲಿ ಹುಡುಗಿಯೊಬ್ಬಳು, "ಇನ್ನೊಂದ್ ಸತಿ ನೋಡಣ ಮಿಸ್" ಅಂತ ಅವರೆದುರೇ ಮತ್ತೆ ಅಳೆದಳು. ಅದೇ ಉತ್ತರ. ಮರುದಿನ ಸಮಿತಿ ಸಭೆ ಸೇರಿ, ಮಿಷಿನ್ನೇ ಸರಿಯಿಲ್ಲ ಅಂತ ಒಮ್ಮತದಿಂದ ತೀರ್ಮಾನಿಸಿತು.

ವಾರದಲ್ಲಿ ಅಂಗಡಿಯ ಅರಿಶಿನ ಮಾತ್ರ ಯಾಕೋ ಬಿಳಿಚಿಕೊಂಡಿತು.

೪. ಕನ್ನಡಕ

ಲ್ಯಾಬಿನಲ್ಲಿ ಕಣ್ಣಿಗೆ ರಕ್ಷಣಾ ಕನ್ನಡಕ ಕಡ್ಡಾಯ ಅಂತ ಸುತ್ತೋಲೆ ಬಂತು. ಜೊತೆಗೆ ಕನ್ನಡಕವೂ ಬಂತು. ಒಂದು. ಮಕ್ಕಳು ನಲವತ್ತು.

"ಸರದಿ ಮೇಲೆ ಹಾಕಿಸಿ" ಅಂದರು ಹೆಡ್‌ಮಾಸ್ಟರು. ಒಬ್ಬರ ಮೂಗಿನಿಂದ ಇನ್ನೊಬ್ಬರ ಮೂಗಿಗೆ ಕನ್ನಡಕ ಸಾಗುತ್ತಿದ್ದಾಗಲೇ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ತಪಾಸಣೆಗೆ ಬಂದರು. "ಸುರಕ್ಷತೆಯಲ್ಲಿ ನಾವೇ ಮಾದರಿಯಾಗ್ಬೇಕು" ಅಂತ ಒಂದು ಹುಡುಗಿಯ ಮುಖದಿಂದ ಅದನ್ನು ಕಿತ್ತು ತಾವೇ ಹಾಕಿಕೊಂಡು, ಫೋಟೋ ತೆಗೆಸಿಕೊಂಡು, ಭಾಷಣವನ್ನೂ ಮಾಡಿ ಹೋದರು.

ಎರಡು ದಿನಕ್ಕೆ ಅರ್ಧ ಕ್ಲಾಸಿಗೆ ಕಣ್ಣು ಬಂತು, ಮದ್ರಾಸ್ ಐ. ಆಸಿಡ್ಡಿನಿಂದ ಒಬ್ಬರ ಕಣ್ಣಿಗೂ ಏನೂ ಆಗಿರಲಿಲ್ಲ, ಮಾಡಿದ್ದೆಲ್ಲ ಕನ್ನಡಕವೇ. ವಿಷಯ ತಿಳಿಸೋಣ ಅಂತ ಹೆಡ್‌ಮಾಸ್ಟರು ಸಾಹೇಬರ ಕಚೇರಿಗೆ ಫೋನ್ ಮಾಡಿದರು. ಎತ್ತಿದ್ದು ಗುಮಾಸ್ತ.

"ಸಾಹೇಬ್ರು ಒಂದ್ವಾರ ಬರಕ್ಕಿಲ್ಲ ಸಾರ್. ಅವ್ರಿಗೆ ಕಣ್ಣು ಬಂದೈತೆ."

"ಲ್ಯಾಬಿನ ಸೋರುವ ಸೂರನ್ನೊಮ್ಮೆ ಕಣ್ಬಿಟ್ಟು ನೋಡಿ ಸ್ವಾಮಿ" ಅಂತ ಅದೇ ಸಾಹೇಬರಿಗೆ ಮೂರು ವರ್ಷದಿಂದ ಅರ್ಜಿ ಬರೆದು ಸೋತಿದ್ದ ನಮ್ಮ ಹೆಡ್‌ಮಾಸ್ಟರು, ಫೋನ್ ಇಟ್ಟು ಕೈಮುಗಿದರು.

"ಸದ್ಯ ಮೇಡಂ, ಈಗಲಾದ್ರೂ ಕಣ್ಣು ಬಂತಲ್ಲ!"